ಹೊಸ ಮನೆಗೆ ವಿದೇಶದ ಗಾಳಿ ಮಷೀನ್ ಬೇಕಾ?

ಪ್ರಶ್ನೆ (ಧಾರವಾಡ): ನಮಸ್ಕಾರ ರೀ ಸರ್. ಸಪ್ತಾಪುರದ ಹತ್ತಿರ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಕೆಲಸ ಲಿಂಟಲ್ (ಕಿಟಕಿ ಬಾಗಿಲ ಮೇಲಿನ ತೊಲೆ) ಮಟ್ಟಕ್ಕೆ ಬಂದಿದೆ. ಕೆನಡಾದಲ್ಲಿರುವ ನನ್ನ ತಮ್ಮ, ಅಲ್ಲಿಯ ಹಾಗೆ ಎಚ್‌ಆರ್‌ವಿ (ಹೀಟ್ ರಿಕವರಿ ವೆಂಟಿಲೇಟರ್) ಮಷೀನ್ ಹಾಕಿಸು ಅನ್ನುತ್ತಾನೆ. ಹಳೇ ಗಾಳಿ ಹೊರಗೆ, ಹೊಸ ಗಾಳಿ ಒಳಗೆ, ಕರೆಂಟೂ ಉಳಿಯುತ್ತದಂತೆ. ಹಾಕಿಸಲಾ?

ಉತ್ತರ (ಸಿವಿಲ್ ಎಂಜಿನಿಯರ್, ಹುಬ್ಬಳ್ಳಿ): ನಮಸ್ಕಾರ. ತಮ್ಮ ಹೇಳಿದ್ದು ಅವರ ಊರಿಗೆ ಸರಿ. ಅಲ್ಲಿ ಚಳಿಗಾಲದಲ್ಲಿ ಹೊರಗೆ ಮೈನಸ್ 20 ಡಿಗ್ರಿಯಾದರೂ ಒಳಗೆ 20 ಇರಬೇಕು. ಕಿಟಕಿ ತೆಗೆದರೆ ದುಡ್ಡು ಕೊಟ್ಟು ಕಾಯಿಸಿದ ಗಾಳಿ ಹೊರಟುಹೋಗುತ್ತದೆ. ಆ ಮಷೀನಿನಲ್ಲಿ ಹೊರಹೋಗುವ ಗಾಳಿಯ ಬಿಸಿ ಒಳಬರುವ ಗಾಳಿಗೆ ದಾಟುತ್ತದೆ, ಗಾಳಿ ಮಾತ್ರ ಬೆರೆಯುವುದಿಲ್ಲ. ನಮ್ಮಲ್ಲಿ ಡಿಸೆಂಬರ್ ರಾತ್ರಿಯೂ 14-15 ಡಿಗ್ರಿ. ಹೀಟರ್ ಹಚ್ಚುವವರೇ ಇಲ್ಲ. ಉಳಿಸೋಕೆ ಬಿಸಿಯೇ ಇಲ್ಲ, ಅಲ್ವಾ? ಆ ಮಷೀನಿನ ಎರಡು ಫ್ಯಾನ್ ಸೇರಿ 60 ವ್ಯಾಟ್ ಅಂತ ಹಿಡಿದರೂ, ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 43 ಯೂನಿಟ್ ಸುಮ್ನೆ ಹೋಗುತ್ತದೆ.

ಲಿಂಟಲ್ ಮಟ್ಟದಲ್ಲಿ ಕೇಳಿದ್ದು ಒಳ್ಳೇದಾಯಿತು. ಮಳೆಗಾಲದ ಗಾಳಿ ಪಡುವಣದಿಂದ ಬರುತ್ತದೆ. ಆ ಕಡೆ ಅಗಲ ಸಜ್ಜಾ ಇರುವ ಕಿಟಕಿ, ಎದುರುಗಡೆ ಇನ್ನೊಂದು ಕಿಟಕಿ ಇಡಿ. ಮೆಟ್ಟಿಲ ಮೇಲಿನ ಹೆಡ್‌ರೂಮಿನಲ್ಲಿ ಜಾಳಿಗೆ ಇಡಿಸಿ. ಬಿಸಿ ಗಾಳಿ ಮೇಲೇರಿ ತಾನೇ ಹೋಗುತ್ತದೆ. ನಮ್ಮ ಹಳೇ ಮಾಳಿಗೆ ಮನೆಗಳ ಬೆಳಕಿಂಡಿ ಮಾಡುತ್ತಿದ್ದದ್ದೂ ಇದೇ ಕೆಲಸ.

ಮಷೀನ್ ಬೇಕಾಗುವುದು ಅಡುಗೆಮನೆಗೆ, ಬಾತ್‌ರೂಮಿಗೆ. ಎಕ್ಸಾಸ್ಟ್ ಫ್ಯಾನ್ ಹಾಕಿ, ಬಿಎಲ್‌ಡಿಸಿ (ಬ್ರಷ್ ಇಲ್ಲದ ಮೋಟಾರಿನದು) ಆದರೆ ಕರೆಂಟು ಕಡಿಮೆ. ಆದರೆ ಬಾಗಿಲ ಕೆಳಗೆ ಮುಕ್ಕಾಲು ಇಂಚು ಸಂದು ಬಿಡಿ. ಗಾಳಿ ಒಳಬರಲು ದಾರಿಯಿಲ್ಲದಿದ್ದರೆ ಫ್ಯಾನ್ ಬರೀ ಸದ್ದು ಮಾಡುತ್ತದೆ.

ಪ್ರಶ್ನೆ (ಬ್ಯಾಡಗಿ): ಸರ್, ಮೆಣಸಿನಕಾಯಿ ಹುರಿದರೆ ಮನೆ ಮಂದಿಯೆಲ್ಲ ಕೆಮ್ಮುತ್ತೇವೆ. ಚಿಮಣಿ ಇದೆ, ಪೈಪ್ ಇಲ್ಲದ್ದು.

ಉತ್ತರ: ಅಕ್ಕಾರೆ, ಪೈಪಿಲ್ಲದ ಚಿಮಣಿ ಜಿಡ್ಡು ಹಿಡಿದು ಅದೇ ಗಾಳಿಯನ್ನು ಮತ್ತೆ ಒಳಗೇ ಬಿಡುತ್ತದೆ. ಘಾಟು ಎಲ್ಲಿಗೆ ಹೋಗಬೇಕು? 6 ಇಂಚಿನ ಪೈಪ್ ಹಾಕಿಸಿ ಗೋಡೆಯಾಚೆ ಬಿಡಿ. ಬೆಂಡ್ ಕಡಿಮೆ ಇರಲಿ. ಹುರಿಯುವಾಗ ದೂರದ ಕಿಟಕಿ ಒಂದಿಷ್ಟು ತೆಗೆದಿಡಿ.

ಪ್ರಶ್ನೆ (ಧಾರವಾಡ): ತುಂಬಾ ಉಪಕಾರವಾಯಿತು ಸರ್, ಮಷೀನ್ ಬಿಟ್ಟೆವು. ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಬರುತ್ತದೆ. ಎಕ್ಸಾಸ್ಟ್ ಫ್ಯಾನ್ ಇದ್ದರೆ ಸಾಕಲ್ವಾ?

ಉತ್ತರ: ಸಾಲದು. ದಯವಿಟ್ಟು ಒಳಗೆ ಹಾಕಿಸಬೇಡಿ. ಗ್ಯಾಸ್ ಉರಿಯಲು ಗಾಳಿ ಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಗಾಳಿ ಸಾಲದೆ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಸುತ್ತಿ ಬೀಳುವವರೆಗೂ ಗೊತ್ತಾಗುವುದಿಲ್ಲ, ಒಳಗಿನಿಂದ ಚಿಲಕ ಬೇರೆ ಹಾಕಿರುತ್ತೇವೆ. ಗಾಳಿ ಬರುವ ದಾರಿ ಇಲ್ಲದಿದ್ದರೆ ಎಕ್ಸಾಸ್ಟ್ ಫ್ಯಾನೇ ಗೀಸರಿನ ಹೊಗೆಯನ್ನು ಕೋಣೆಯೊಳಕ್ಕೆ ಎಳೆಯಬಹುದು. ಗೀಸರ್ ಹಿತ್ತಲ ಕಡೆ ತೆರೆದ ಜಾಗದಲ್ಲಿರಲಿ, ಒಳಗೆ ಬಿಸಿನೀರಿನ ಪೈಪ್ ಮಾತ್ರ ಬರಲಿ. ಗೋಡೆಗೆ ಪ್ಲಾಸ್ಟರ್ ಆಗುವ ಮೊದಲೇ ಪ್ಲಂಬರ್‌ಗೆ ಹೇಳಿಬಿಡಿ. ಜಾಗ ಎಲ್ಲಿ ಅಂತ ಗೊತ್ತಾಗದಿದ್ದರೆ ನಕ್ಷೆಯ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.