ಖಾತೆ ಅಣ್ಣನ ಹೆಸರಲ್ಲಿದೆ, ಅಕ್ಕ-ತಂಗಿಯರ ಸಹಿ ಬೇಡ ಅಂತಾರೆ ಬ್ರೋಕರ್. ಅಡ್ವಾನ್ಸ್ ಕೊಡಬಹುದಾ?

ವಿದ್ಯಾನಗರ_ಬಾಡಿಗೆದಾರ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಒಂದು ಹಳೆ ಮನೆ ನೋಡಿದ್ದೇವೆ. 30×40 ಸೈಟು, ನೆಲ ಅಂತಸ್ತು ಮಾತ್ರ, ಬೋರ್ ಇದೆ, ಹಿಂದೆ ಎರಡು ತೆಂಗಿನ ಮರ. ಮನೆಯವಳಿಗೆ ತುಂಬಾ ಇಷ್ಟ ಆಗಿದೆ. 62 ಲಕ್ಷಕ್ಕೆ ಮಾತು ನಿಂತಿದೆ.

ಮಾರುವವರು ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಕೊಟ್ಟರು. ಅವರ ಅಪ್ಪ 1986ರಲ್ಲಿ ಸೈಟು ತೆಗೆದುಕೊಂಡ ಕ್ರಯಪತ್ರ ಇದೆ. ಅಪ್ಪ ತೀರಿಕೊಂಡ ಮೇಲೆ ಖಾತೆ ಇವರ ಹೆಸರಿಗೆ ಆಗಿದೆ, ಇ-ಖಾತಾನೂ ಆಗಿದೆ, ಕಂದಾಯದ ರಸೀದಿಗಳು ಸರಿಯಾಗಿವೆ. ಇವರಿಗೆ ಅಕ್ಕ ಒಬ್ಬರು, ಹುಬ್ಬಳ್ಳಿಯಲ್ಲಿದ್ದಾರೆ. ತಂಗಿ ಒಬ್ಬರು ಇದ್ದರಂತೆ, ಹರಿಹರಕ್ಕೆ ಕೊಟ್ಟಿದ್ದರು, ತೀರಿಕೊಂಡಿದ್ದಾರೆ. ಅವರ ಸಹಿ ಬೇಡವಾ ಅಂತ ಕೇಳಿದ್ದಕ್ಕೆ ಬ್ರೋಕರ್ ನಕ್ಕರು. "ಖಾತೆ ಯಾರ ಹೆಸರಲ್ಲಿದೆ ನೋಡಿ ಸರ್, ಅವರೇ ಓನರ್. ಹೆಣ್ಣುಮಕ್ಕಳದ್ದು ಮದುವೆ ಟೈಮಲ್ಲೇ ಸೆಟಲ್ ಆಗಿದೆ" ಅಂದರು.

ಆಷಾಢ ಬರುವ ಮೊದಲು ಅಗ್ರಿಮೆಂಟ್ ಮುಗಿಸೋಣ, ಶುಕ್ರವಾರ 5 ಲಕ್ಷ ಅಡ್ವಾನ್ಸ್ ಕೊಡಿ ಅಂತ ಒತ್ತಾಯ. ಇನ್ನೊಂದು ವಿಷಯ, ಪತ್ರದಲ್ಲಿ 45 ಲಕ್ಷ ತೋರಿಸಿ, ಉಳಿದ 17 ನಗದು ಕೊಡಿ, ನೋಂದಣಿ ಖರ್ಚು ಉಳಿಯುತ್ತೆ ಅಂತಾನೂ ಹೇಳುತ್ತಿದ್ದಾರೆ. ಬ್ಯಾಂಕ್ ಸಾಲ ಬೇರೆ ಮಾಡಬೇಕು ನಾವು. ಕೊಡಬಹುದಾ, ಕಾಯಬೇಕಾ? ತಿಳಿದವರು ಹೇಳಿ.

ಅಡಿಕೆ_ತೋಟ_ಚನ್ನಗಿರಿ

ತುಂಬಾ ತಲೆ ಕೆಡಿಸಿಕೊಳ್ಳಬೇಡಿ ಅಣ್ಣ. ನಮ್ಮ ಕಡೆ ಮದುವೆ ಆಗಿ ಹೋದ ಹೆಣ್ಣುಮಕ್ಕಳ ಸಹಿ ಯಾರೂ ಹಾಕಿಸೋದಿಲ್ಲ. ಹೆಣ್ಣುಮಕ್ಕಳಿಗೂ ಸಮಪಾಲು ಅನ್ನೋ 2005ರ ಕಾನೂನು ಬಂದ ಮೇಲೆ ಸುಮ್ನೆ ಎಲ್ಲರೂ ಹೆದರಿಸುತ್ತಾರೆ. ಅದೂ ಪಿತ್ರಾರ್ಜಿತ ಆಸ್ತಿಗೆ. ಇದು ಅಪ್ಪ ಸ್ವಂತ ದುಡ್ಡಲ್ಲಿ ತೆಗೆದುಕೊಂಡಿದ್ದು ಅಲ್ವಾ?

ಪತ್ರ_ಬರೆಯುವವ

ಚನ್ನಗಿರಿಯವರೇ, ನೀವು ಹೇಳಿದ್ದೇ ಉಲ್ಟಾ. ಅಪ್ಪ ಸ್ವಂತ ದುಡ್ಡಲ್ಲಿ ತೆಗೆದುಕೊಂಡಿದ್ದು ಅಂದ ಮೇಲೆ 2005ರ ತಿದ್ದುಪಡಿಯ ಮಾತೇ ಇಲ್ಲಿ ಬೇಕಾಗಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರದ್ದು. ವಿಲ್ ಬರೆಯದೆ ಗಂಡಸು ತೀರಿಕೊಂಡರೆ ಅವನ ಸ್ವಂತ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇದ್ದರೆ ತಾಯಿ, ಇಷ್ಟು ಜನಕ್ಕೂ ಸಮಪಾಲು. ಮದುವೆ ಆಗಿದೆಯೋ ಇಲ್ಲವೋ ಅಂತ ಆ ಕಾಯ್ದೆ ಕೇಳುವುದೇ ಇಲ್ಲ. ಮದುವೆ ಆದವರಿಗೆ ಪಾಲಿಲ್ಲ ಅನ್ನುವ ಮಾತು ನಮ್ಮಲ್ಲಿ ಉಳಿದುಕೊಂಡಿದ್ದಕ್ಕೆ ಒಂದು ಕಾರಣ ಇದೆ. 1994ರಲ್ಲಿ ನಮ್ಮ ರಾಜ್ಯ ಒಂದು ತಿದ್ದುಪಡಿ ಮಾಡಿತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆ ಆದವರನ್ನು ಹೊರಗಿಟ್ಟಿತು. ಆ ಅರ್ಧ ಮಾತು ಇನ್ನೂ ಊರೂರಲ್ಲಿ ಓಡಾಡುತ್ತಿದೆ. ಅದು ಸ್ವಂತ ಆಸ್ತಿಗೆ ಯಾವತ್ತೂ ಅನ್ವಯ ಆಗಿರಲಿಲ್ಲ.

ಬಾಡಿಗೆದಾರರೇ, ನಿಮ್ಮ ಬ್ರೋಕರ್ ಖಾತೆ ಅಂದರೆ ಮಾಲೀಕತ್ವ ಅಂದುಕೊಂಡಿದ್ದಾರೆ, ಅಥವಾ ನೀವು ಹಾಗೆ ಅಂದುಕೊಳ್ಳಲಿ ಅಂತ ಇದ್ದಾರೆ. ಖಾತೆ ಇರುವುದು ಕಂದಾಯ ಯಾರ ಹತ್ತಿರ ವಸೂಲಿ ಮಾಡಬೇಕು ಅಂತ ಪಾಲಿಕೆಗೆ ಗೊತ್ತಾಗಲಿಕ್ಕೆ. ಅಪ್ಪ ಸತ್ತ ಮೇಲೆ ಒಬ್ಬ ಮಗ ಮರಣ ಪ್ರಮಾಣಪತ್ರ ಕೊಟ್ಟು ತನ್ನ ಹೆಸರಿಗೆ ಮಾಡಿಸಿಕೊಂಡರೆ ಉಳಿದವರ ಪಾಲು ಎಲ್ಲಿಗೂ ಹೋಗುವುದಿಲ್ಲ. ಇ-ಖಾತಾ ಇಲ್ಲದೆ ಈಗ ನಗರದ ಆಸ್ತಿ ನೋಂದಣಿ ಆಗುವುದಿಲ್ಲ, ಅದು ನಿಜ. ಆದರೆ ಇ-ಖಾತಾ ಇದ್ದ ಮಾತ್ರಕ್ಕೆ ಹಕ್ಕು ಪಕ್ಕಾ ಅಂತಲೂ ಅಲ್ಲ.

ನಿಮಗೆ ಮೂರು ಪ್ರಶ್ನೆ. ಅಪ್ಪ ತೀರಿಕೊಂಡಿದ್ದು ಯಾವಾಗ, ಅಮ್ಮ ಇದ್ದಾರಾ, ಹರಿಹರದ ತಂಗಿ ತೀರಿಕೊಂಡಿದ್ದು ಯಾವಾಗ? ಅವರಿಗೆ ಮಕ್ಕಳು ಇದ್ದಾರಾ ಅಂತಾನೂ ಕೇಳಿ. ವರ್ಷ ಅಂದಾಜು ಹೇಳಿದರೆ ಸಾಲದು, ಮರಣ ಪ್ರಮಾಣಪತ್ರ ನೋಡಿ.

ವಿದ್ಯಾನಗರ_ಬಾಡಿಗೆದಾರ

ಕೇಳಿದೆ ಸರ್. ಸ್ವಲ್ಪ ಮುಖ ಗಂಟು ಹಾಕಿಕೊಂಡರು, ಆದರೆ ಪ್ರಮಾಣಪತ್ರ ತೋರಿಸಿದರು. ಅಪ್ಪ 2009ರಲ್ಲಿ, ತಂಗಿ 2014ರಲ್ಲಿ, ಅಮ್ಮ 2017ರಲ್ಲಿ. ವಿಲ್ ಏನೂ ಇಲ್ಲವಂತೆ. ತಂಗಿಯ ಗಂಡ ಹರಿಹರದಲ್ಲೇ ಇದ್ದಾರೆ, ಒಬ್ಬಳು ಮಗಳು ಡಿಗ್ರಿ ಮುಗಿಸಿದ್ದಾಳೆ, ಮಗ ಪಿಯುಸಿ. ಆದರೆ ತಂಗಿಯೇ ಇಲ್ಲ ಅಂದ ಮೇಲೆ ಅವರದ್ದೇನು ಪಾಲು?

ಪತ್ರ_ಬರೆಯುವವ

ಇಲ್ಲೇ ಇರೋದು ಕಥೆ. ಯಾರು ಯಾರಿಗಿಂತ ಮೊದಲು ಹೋದರು ಅನ್ನುವುದರ ಮೇಲೆ ಯಾರ ಸಹಿ ಬೇಕು ಅನ್ನುವುದು ನಿಂತಿರುತ್ತದೆ.

2009ರಲ್ಲಿ ಅಪ್ಪ ಹೋದಾಗ ನಾಲ್ಕು ಜನ ಇದ್ದರು: ಅಮ್ಮ, ಮಗ, ಇಬ್ಬರು ಹೆಣ್ಣುಮಕ್ಕಳು. ತಲಾ ನಾಲ್ಕನೇ ಒಂದು ಪಾಲು. ಆಗ ತಂಗಿ ಬದುಕಿದ್ದರು, ಹಾಗಾಗಿ ಅವರ ಪಾಲು ಅವತ್ತೇ ಅವರದ್ದಾಯಿತು. 2014ರಲ್ಲಿ ಅವರು ತೀರಿಕೊಂಡಾಗ ಅದು ಅವರ ಗಂಡ ಮತ್ತು ಇಬ್ಬರು ಮಕ್ಕಳಿಗೆ ಹೋಯಿತು, ತಲಾ ಹನ್ನೆರಡನೇ ಒಂದು. ಆಮೇಲೆ 2017ರಲ್ಲಿ ಅಮ್ಮ ಹೋದರು. ಅಮ್ಮನ ನಾಲ್ಕನೇ ಒಂದು ಪಾಲು ಮೂರು ಭಾಗ: ಮಗನಿಗೆ ಒಂದು, ಹುಬ್ಬಳ್ಳಿ ಅಕ್ಕನಿಗೆ ಒಂದು, ತಂಗಿಯ ಭಾಗ ಅವರ ಮಕ್ಕಳಿಬ್ಬರಿಗೆ. ಈ ಸಲ ಅಳಿಯನಿಗೆ ಇಲ್ಲ, ಯಾಕೆಂದರೆ ತಂಗಿ ಅಮ್ಮನಿಗಿಂತ ಮೊದಲೇ ಹೋಗಿದ್ದರು. ಒಂದು ವೇಳೆ ತಂಗಿ ಅಪ್ಪನಿಗಿಂತಲೂ ಮೊದಲೇ ಹೋಗಿದ್ದರೆ ಅಳಿಯನ ಸಹಿ ಬೇಕಾಗುತ್ತಲೇ ಇರಲಿಲ್ಲ, ಮಕ್ಕಳದ್ದು ಸಾಕಿತ್ತು.

ಕೂಡಿಸಿ ನೋಡಿ. ನಿಮಗೆ ಮಾರಲು ಬಂದವರ ಪಾಲು ಮೂರನೇ ಒಂದು. ಅಕ್ಕನದ್ದು ಮೂರನೇ ಒಂದು. ಅಳಿಯನದ್ದು ಹನ್ನೆರಡನೇ ಒಂದು, ಮಕ್ಕಳದ್ದು ತಲಾ ಎಂಟನೇ ಒಂದು. ಅಂದರೆ 62 ಲಕ್ಷ ಪೂರ್ತಿ ಕೊಟ್ಟು ಅಣ್ಣನೊಬ್ಬನ ಸಹಿ ತೆಗೆದುಕೊಂಡರೆ ನಿಮಗೆ ಬರುವುದು ಮೂರನೇ ಒಂದು ಪಾಲು ಅಷ್ಟೇ. ಅದನ್ನೂ ನೀವು ಹೋಗಿ ಅನುಭವಿಸಲಿಕ್ಕೆ ಆಗುವುದಿಲ್ಲ. ಕುಟುಂಬದ ವಾಸದ ಮನೆಯಲ್ಲಿ ಒಬ್ಬರ ಪಾಲು ಕೊಂಡ ಹೊರಗಿನವನಿಗೆ ಉಳಿದವರ ಜೊತೆ ಜಂಟಿ ಸ್ವಾಧೀನ ಕೇಳುವ ಹಕ್ಕಿಲ್ಲ. ನೀವು ಪಾಲು ಮಾಡಿಕೊಡಿ ಅಂತ ಕೋರ್ಟಿಗೆ ಹೋದರೆ, ನಿಮ್ಮ ಪಾಲನ್ನು ಬೆಲೆ ಕಟ್ಟಿಸಿ ನಾವೇ ಕೊಳ್ಳುತ್ತೇವೆ ಅಂತ ಅವರು ಕೇಳಬಹುದು.

ಪಿಯುಸಿ ಹುಡುಗನಿಗೆ 18 ಆಗಿದೆಯಾ? ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಹುಟ್ಟಿದ ದಿನ ನೋಡಿ. ಆಗಿಲ್ಲದಿದ್ದರೆ ಅವನ ಪರವಾಗಿ ಅಪ್ಪ ಸುಮ್ಮನೆ ಸಹಿ ಹಾಕಿದರೆ ನಡೆಯುವುದಿಲ್ಲ, ಕೋರ್ಟಿನ ಅನುಮತಿ ಬೇಕು. ಇಲ್ಲದಿದ್ದರೆ ಹುಡುಗ 18 ತುಂಬಿದ ಮೇಲೆ ಮೂರು ವರ್ಷದೊಳಗೆ ಆ ಮಾರಾಟ ರದ್ದು ಮಾಡಿಸಿ ಅಂತ ದಾವೆ ಹಾಕಬಹುದು. ಅವನ ಪಾಲೇ 7,75,000 ಆಗುತ್ತದೆ, ಸಣ್ಣ ಮೊತ್ತ ಅಲ್ಲ.

ಇದು ಲೆಕ್ಕ ಅಷ್ಟೇ. ವಿಲ್ ಒಂದು ಆಮೇಲೆ ಹೊರಗೆ ಬಂದರೆ ಎಲ್ಲಾ ಬದಲಾಗುತ್ತದೆ. ವಕೀಲರ ಹತ್ತಿರ ಬರವಣಿಗೆಯಲ್ಲಿ ಅಭಿಪ್ರಾಯ ತೆಗೆದುಕೊಳ್ಳಿ. ಬ್ಯಾಂಕಿನ ವಕೀಲರು ನೋಡುತ್ತಾರೆ ಅಂತ ಬಿಡಬೇಡಿ, ಅವರು ನೋಡುವುದು ಬ್ಯಾಂಕಿನ ದುಡ್ಡಿಗೆ ಭದ್ರತೆ ಇದೆಯಾ ಅಂತ.

ಗೌರಿ_ಬಾಗಿನ

ನಾನು ಆ ಕಡೆಯವಳು, ಅಂದರೆ ಸಹಿ ಹಾಕುವ ಅಕ್ಕ. ನಮ್ಮನೆಯಲ್ಲೂ ಹೀಗೇ ಆಗಿತ್ತು. ಗೌರಿ ಹಬ್ಬಕ್ಕೆ ಬಾಗಿನ ತಂದ ತಮ್ಮ ಅದರ ಜೊತೆಯಲ್ಲೇ ರಿಲೀಸ್ ಡೀಡ್ ಬರೆಸಿಕೊಂಡು ತಂದಿದ್ದ. ಮೊರದಲ್ಲಿ ಬಳೆ, ಕುಂಕುಮ, ಬ್ಲೌಸ್ ಪೀಸು, ಕೆಳಗೆ ಕಾಗದ. "ನನ್ನ ಹಕ್ಕನ್ನು ಪ್ರೀತಿ ವಿಶ್ವಾಸದಿಂದ ಬಿಟ್ಟುಕೊಟ್ಟಿದ್ದೇನೆ" ಅಂತ ಬರೆದಿತ್ತು. ದುಡ್ಡಿನ ಮಾತೇ ಇಲ್ಲ. ನಾನು ಹಾಕಲಿಲ್ಲ. ಮಾರುವುದಾದರೆ ಮಾರು, ನಾನೂ ಮಾರುವವಳಾಗಿ ಪತ್ರದಲ್ಲಿ ಬರುತ್ತೇನೆ, ನನ್ನ ಪಾಲಿನ ಡಿಡಿ ನನ್ನ ಹೆಸರಿಗೆ ಬರಲಿ ಅಂದೆ. ಎರಡು ವರ್ಷ ಮಾತು ಬಿಟ್ಟಿದ್ದ, ಈಗ ಸರಿ ಹೋಗಿದ್ದಾನೆ.

ಕೊಳ್ಳುವವರಿಗೂ ಇದೇ ಒಳ್ಳೆಯದು ಅಂತ ಆಮೇಲೆ ಗೊತ್ತಾಯಿತು. ಎಲ್ಲರೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು, ಅಲ್ಲೇ ಫೋಟೊ ತೆಗೆಸಿ ಹೆಬ್ಬೆಟ್ಟು ಕೊಟ್ಟು, ಅವರವರ ಡಿಡಿ ನಂಬರ್ ಪತ್ರದಲ್ಲೇ ಬರೆದಿದ್ದರೆ ನಾಳೆ ಯಾರು ತಕರಾರು ತೆಗೆಯುತ್ತಾರೆ? ಪಾಲು ಬೇಡ ಅಂತ ನಿಜವಾಗಿ ಬಿಟ್ಟುಕೊಡುವ ಅಕ್ಕಂದಿರೂ ಇದ್ದಾರೆ, ಅದು ಅವರಿಷ್ಟ. ಆದರೆ ಆ ಮಾತು ಅವರ ಬಾಯಿಂದಲೇ ಕೇಳಿ, ಅವರ ತಮ್ಮನ ಬಾಯಿಂದ ಅಲ್ಲ.

ಲೆಕ್ಕ_ಪಕ್ಕಾ

ಹಕ್ಕಿನ ವಿಷಯ ಮೇಲಿನವರು ಹೇಳಿದ್ದಾರೆ. ನಾನು ದುಡ್ಡಿನ ವಿಷಯಕ್ಕೆ ಬರುತ್ತೇನೆ.

17 ಲಕ್ಷ ನಗದು ಬೇಡವೇ ಬೇಡ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ನಿಮಗೆ ಏನು ತೊಂದರೆ ಅಂದರೆ, ಬ್ಯಾಂಕ್ ಸಾಲ ಲೆಕ್ಕ ಹಾಕುವುದು ಪತ್ರದ ಮೊತ್ತದ ಮೇಲೆ, ವ್ಯವಹಾರ ಕೆಟ್ಟು ವಾಪಸ್ ಕೇಳುವ ದಿನ ಬಂದರೆ ಕೈಗೆ ಸಾಕ್ಷಿ ಇರುವುದು ಪತ್ರದ ಮೊತ್ತಕ್ಕೆ ಮಾತ್ರ, ನಾಳೆ ನೀವೇ ಮಾರುವಾಗ ನಿಮ್ಮ ಖರೀದಿ ಬೆಲೆ 45 ಅಂತಲೇ ಹಿಡಿದು ಲಾಭದ ಮೇಲೆ ತೆರಿಗೆ ಹಾಕುತ್ತಾರೆ. ಉಳಿಯುವ ನೋಂದಣಿ ಖರ್ಚು ಇದರ ಮುಂದೆ ಏನೂ ಅಲ್ಲ.

ಆ ಖರ್ಚನ್ನೂ ಸರಿಯಾಗಿ ಹಾಕಿಕೊಳ್ಳಿ. ಬ್ರೋಕರ್‌ಗಳು ಇನ್ನೂ 6.6% ಅಂತಲೇ ಹೇಳುತ್ತಿರುತ್ತಾರೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1% ಇದ್ದದ್ದು 2% ಆಗಿದೆ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ ಸರ್‌ಚಾರ್ಜ್ ಸೇರಿ 5.6%, ಒಟ್ಟು 7.6%. 62 ಲಕ್ಷಕ್ಕೆ 4,71,200. ಪತ್ರದ ಬೆಲೆ ಮತ್ತು ಸರ್ಕಾರ ಆ ಜಾಗಕ್ಕೆ ನಿಗದಿ ಮಾಡಿದ ಮಾರ್ಗಸೂಚಿ ಬೆಲೆ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಇದಕ್ಕೆ ಬ್ಯಾಂಕ್ ಸಾಲ ಸಿಗುತ್ತೆ ಅಂತ ನಂಬಿಕೊಂಡು ಕೂರಬೇಡಿ, ಕೈಯಿಂದ ಇಟ್ಟುಕೊಳ್ಳಿ.

50 ಲಕ್ಷ ಮತ್ತು ಮೇಲಿನ ಆಸ್ತಿಗೆ ಕೊಳ್ಳುವವರೇ ಮಾರುವವರಿಗೆ ಕೊಡುವ ದುಡ್ಡಲ್ಲಿ 1% ಟಿಡಿಎಸ್ (ಮೂಲದಲ್ಲೇ ಮುರಿಯುವ ಆದಾಯ ತೆರಿಗೆ) ಮುರಿದುಕೊಂಡು ಕಟ್ಟಬೇಕು. ಐದು ಜನ ಮಾರುವವರು, ಒಬ್ಬೊಬ್ಬರಿಗೆ ಬರುವುದು 50ಕ್ಕಿಂತ ಕಡಿಮೆ, ಹಾಗಾಗಿ ಬೇಡ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, 2024ರ ಅಕ್ಟೋಬರ್‌ನಿಂದ ಒಟ್ಟು ಬೆಲೆ ನೋಡುತ್ತಾರೆ. ಪ್ರತಿಯೊಬ್ಬರ ಪ್ಯಾನ್‌ಗೂ ಬೇರೆ ಬೇರೆ ಕಟ್ಟಬೇಕು, ಹುಡುಗನದ್ದೂ ಸೇರಿ. ಅಪ್ರಾಪ್ತರಿಗೂ ಪ್ಯಾನ್ ಮಾಡಿಸಬಹುದು.

ಮಸ್ಕತ್_ಮಂಜ

ಮಧ್ಯ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹೀಗೇ ಒಂದು ಸಹಿಗೆ ನನ್ನನ್ನು ಊರಿಗೆ ಬಾ ಅಂತಿದ್ದಾರೆ. ರಜೆ ಇಲ್ಲ. ಇಲ್ಲಿಂದಲೇ ಆಗುತ್ತಾ?

ಪತ್ರ_ಬರೆಯುವವ

ಆಗುತ್ತದೆ. ಆ ಒಂದು ಆಸ್ತಿಗೆ, ಆ ಒಂದು ಕೆಲಸಕ್ಕೆ ಮಾತ್ರ ಅಧಿಕಾರ ಕೊಡುವ ಹಾಗೆ ಅಧಿಕಾರ ಪತ್ರ ಬರೆಸಿ, ರಾಯಭಾರ ಕಚೇರಿಯಲ್ಲಿ ಅಧಿಕಾರಿಯ ಮುಂದೆ ಸಹಿ ಹಾಕಿ ಕಳಿಸಿ. ಅದು ಇಲ್ಲಿ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಜನರಲ್ ಪವರ್ ಕೊಡಬೇಡಿ, ನಿಮ್ಮ ಬೇರೆ ಆಸ್ತಿಗೂ ಕೈ ಹೋಗುತ್ತದೆ. ನೀವು ಎನ್‌ಆರ್‌ಐ ಅಂತ ಕೊಳ್ಳುವವರಿಗೆ ಮೊದಲೇ ಹೇಳಿ, ನಿಮ್ಮ ಪಾಲಿಗೆ ಟಿಡಿಎಸ್ ದರ ಈ 1% ಅಲ್ಲ, ಅದಕ್ಕಿಂತ ಬಹಳ ಜಾಸ್ತಿ.

ವಿದ್ಯಾನಗರ_ಬಾಡಿಗೆದಾರ

ಎಲ್ಲರಿಗೂ ಧನ್ಯವಾದ. ಶುಕ್ರವಾರ ದುಡ್ಡು ಕೊಡಲಿಲ್ಲ. ಬ್ರೋಕರ್ ಫೋನಲ್ಲಿ ಕೂಗಾಡಿದರು, ಇನ್ನೊಬ್ಬ ಪಾರ್ಟಿ ರೆಡಿ ಇದ್ದಾರೆ ಅಂದರು. ಪಕ್ಕದ ಮನೆಯವರಿಂದ ಹುಬ್ಬಳ್ಳಿಯ ಅಕ್ಕನ ನಂಬರ್ ಸಿಕ್ಕಿತು, ನಮ್ಮ ಮನೆಯವಳು ಮಾತಾಡಿದಳು. ಮನೆ ಮಾರಾಟಕ್ಕಿದೆ ಅನ್ನುವುದೇ ಅವರಿಗೆ ಗೊತ್ತಿಲ್ಲ! ಮಾರೋದಕ್ಕೆ ಬೇಡ ಅನ್ನುತ್ತಿಲ್ಲ, ಆದರೆ ನನ್ನನ್ನೂ ಹರಿಹರದ ಮಕ್ಕಳನ್ನೂ ಕೂರಿಸಿಕೊಂಡು ಮಾತಾಡಲಿ ಅಂದರು. ಹುಡುಗನಿಗೆ ನವೆಂಬರ್‌ಗೆ 18 ತುಂಬುತ್ತಂತೆ. ಈಗ ಕೋರ್ಟ್ ಅನುಮತಿಗೆ ಹಾಕಿಸೋದಾ, ನವೆಂಬರ್‌ವರೆಗೆ ಕಾಯೋದಾ?

ಪತ್ರ_ಬರೆಯುವವ

ಕಾಯಿರಿ. ಕೋರ್ಟಿಗೆ ಅರ್ಜಿ ಹಾಕಿದರೂ ಅಷ್ಟೇ ತಿಂಗಳು ಹಿಡಿಯಬಹುದು, ಹುಡುಗನ ದುಡ್ಡನ್ನು ಎಫ್‌ಡಿ ಇಡಿ ಅಂತಾನೂ ಹೇಳಬಹುದು. ಅಲ್ಲಿಯವರೆಗೆ ಮನೆ ಕೈ ತಪ್ಪಬಾರದು ಅಂದರೆ ಅಣ್ಣ, ಅಕ್ಕ, ಅಳಿಯ, ಮಗಳು ನಾಲ್ಕೂ ಜನ ಸಹಿ ಹಾಕಿ ಕ್ರಯದ ಕರಾರು ಮಾಡಿಕೊಳ್ಳಿ, ಅದನ್ನು ನೋಂದಣಿ ಮಾಡಿಸಿ. ನೋಂದಣಿ ಆದರೆ ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ, ಅಂದರೆ ಆ ಆಸ್ತಿ ಮೇಲೆ ನೋಂದಣಿ ಆದ ವ್ಯವಹಾರಗಳ ಪಟ್ಟಿ) ಕಾಣುತ್ತದೆ, ಬ್ರೋಕರ್ ಹೇಳುವ ಆ ಇನ್ನೊಬ್ಬ ಪಾರ್ಟಿ ನಿಜವಾಗಿ ಇದ್ದರೆ ಅವರಿಗೂ ಕಾಣಲಿ. ಹುಡುಗ 18 ತುಂಬಿದ ಮೇಲೆ ಕ್ರಯಪತ್ರಕ್ಕೆ ಬಂದು ಸಹಿ ಹಾಕಬೇಕು, ಹಾಕದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್ ಅಂತ ಸ್ಪಷ್ಟವಾಗಿ ಬರೆಸಿ. ಅಡ್ವಾನ್ಸ್ ಚಿಕ್ಕದಿರಲಿ, ನಾಲ್ಕು ಜನರ ಬ್ಯಾಂಕ್ ಖಾತೆಗೇ ಹೋಗಲಿ.

ಕರಾರಿಗೆ ಮೊದಲು ಎರಡು ಕೆಲಸ. 1986ರಿಂದ ಇವತ್ತಿನವರೆಗೆ ಇಸಿ ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರಿಂದ ಈಚೆಗೆ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಕೊಡಬೇಕು. ಇನ್ನೊಂದು, ಇ-ಕೋರ್ಟ್ಸ್ ತಾಣದಲ್ಲಿ ಅಣ್ಣ, ಅಕ್ಕ, ಅಳಿಯ ಮೂವರ ಹೆಸರನ್ನೂ ಹಾಕಿ ಹುಡುಕಿ. ಪಾಲಿನ ದಾವೆ ನಡೆಯುತ್ತಿದ್ದರೂ ಇಸಿಯಲ್ಲಿ ಬರುವುದಿಲ್ಲ, ಸುಮಾರು ಜನ ಅಲ್ಲೇ ಮೋಸ ಹೋಗುತ್ತಾರೆ. ಹೆಸರಿನ ಸ್ಪೆಲಿಂಗ್ ಎರಡು ಮೂರು ಥರ ಹಾಕಿ ನೋಡಿ, ಇನಿಶಿಯಲ್ ಹಿಂದೆ ಮುಂದೆ ಮಾಡಿ. ದಾವಣಗೆರೆ ಒಂದೇ ಅಲ್ಲ, ಹರಿಹರದ ಕೋರ್ಟನ್ನೂ ನೋಡಿ.