ಕೆಲಸ ಬಿಟ್ಟ ಮೇಲೆ ಮಂಡಿಯವರು ಸಂಬಳ ಹಿಡಿದಿಟ್ಟಿದ್ದಾರೆ, ಏನು ಮಾಡಲಿ?

ಮಂಡಿ ಲೆಕ್ಕದವಳು:
ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಆರು ವರ್ಷ ಲೆಕ್ಕ ಬರೆದೆ. ಸಂಬಳ 16,000. ಮದುವೆಯಾಗಿ ತೀರ್ಥಹಳ್ಳಿಗೆ ಬಂದೆ, ಅದಕ್ಕೆ ಮೊದಲೇ ತಿಳಿಸಿ ಈ ಮಾರ್ಚ್‌ನಲ್ಲಿ ಕೆಲಸ ಬಿಟ್ಟೆ. ಕೊನೆ ತಿಂಗಳ ಸಂಬಳ ಇನ್ನೂ ಬಂದಿಲ್ಲ. ಮೊದಲು "ಸೀಸನ್ ಮುಗೀಲಿ" ಅಂದರು. ಈಗ "ಎರಡು ಮೂಟೆ ರಾಶಿ ಇಡಿ ಅಡಿಕೆ ಕಮ್ಮಿ ಬಂದಿದೆ, ಅದಕ್ಕೆ ಮುರ್ಕೊಂಡಿದೀವಿ, ಮಿಕ್ಕಿದ್ದು ಕೇಳ್ತಿಲ್ಲ ಅಂತ ಖುಷಿಪಡು" ಅನ್ನುತ್ತಾರೆ. ಗೋದಾಮಿನ ಬೀಗದ ಕೈ ಯಾವತ್ತೂ ನನ್ನ ಹತ್ತಿರ ಇರಲಿಲ್ಲ. ತೂಕದವರು ಬೇರೆ, ಹಮಾಲರು ಬೇರೆ. ನಾನು ಚೀಟಿ ನೋಡಿ ಕಂಪ್ಯೂಟರಿನ ಲೆಕ್ಕಕ್ಕೆ (ಟ್ಯಾಲಿ) ಹಾಕುತ್ತಿದ್ದೆ, ಅಷ್ಟೇ. ಯಜಮಾನರು ಗೌರಿ ಹಬ್ಬಕ್ಕೆ ಸೀರೆ ಕೊಟ್ಟವರು, ಜಗಳಕ್ಕೆ ಮನಸ್ಸು ಬರುತ್ತಿಲ್ಲ. ಆದರೆ ದುಡಿದ ದುಡ್ಡು ಅಲ್ವಾ? ನೇಮಕದ ಪತ್ರ ಇಲ್ಲ. ಸಂಬಳ ಬ್ಯಾಂಕಿಗೇ ಬರುತ್ತಿತ್ತು.

ತುಂಗಾ ದಂಡೆ:
ತಂಗೀ, ಸೀರೆ ಬೇರೆ, ಸಂಬಳ ಬೇರೆ. ನೀವು ಬಿಟ್ಟಿದ್ದು 2026ರ ಮಾರ್ಚ್ ಅಂದರೆ ಹೊಸ ವೇತನ ಸಂಹಿತೆ (ಸಂಬಳದ ಕಾನೂನು) ಅನ್ವಯಿಸುತ್ತದೆ, ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ತಾನಾಗಿ ಕೆಲಸ ಬಿಟ್ಟವರಿಗೂ ಎರಡು ಕೆಲಸದ ದಿನದೊಳಗೆ ಬಾಕಿ ಕೊಡಬೇಕು. ಸೀಸನ್ ಲೆಕ್ಕ ಅಲ್ಲಿ ನಡೆಯಲ್ಲ. ಮೂಟೆ ಕಮ್ಮಿ ಅಂತ ಮುರಿಯಬೇಕಾದರೆ ಆ ಮಾಲು ನಿಮ್ಮ ವಶಕ್ಕೆ ಕೊಟ್ಟಿರಬೇಕು, ನಿಮ್ಮ ಅಸಡ್ಡೆಯಿಂದಲೇ ಹೋಗಿರಬೇಕು, ಮುರಿಯುವ ಮೊದಲು ನಿಮ್ಮ ಮಾತು ಕೇಳಿರಬೇಕು. ಇಷ್ಟೆಲ್ಲ ಆದರೂ ಅರ್ಧ ಸಂಬಳಕ್ಕಿಂತ ಜಾಸ್ತಿ ಮುರಿಯುವಂತಿಲ್ಲ. ಬೀಗದ ಕೈ ಯಾರ ಹತ್ತಿರ ಇತ್ತು ಅನ್ನುವುದನ್ನೇ ಗಟ್ಟಿಯಾಗಿ ಹಿಡಿಯಿರಿ.

ಕೊಪ್ಪದ ಕಾಫಿಪುಡಿ:
ಎಲ್ಲರೂ ಒಂದು ತಿಂಗಳ ಸಂಬಳದ ಹಿಂದೆ ಬಿದ್ದಿದ್ದೀರಿ. ಆರು ವರ್ಷ ಅಂದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡುಗಂಟು, ಇದೆಯಲ್ಲ! ಐದು ವರ್ಷ ದಾಟಿದರೆ ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನದ ಲೆಕ್ಕ. ನಿಮಗೆ ಸುಮಾರು 55,000 ಆಗುತ್ತದೆ. ಆದರೆ ಮಂಡಿಯಲ್ಲಿ ಹತ್ತು ಜನ ಇರಬೇಕು.

ಮಂಡಿ ಲೆಕ್ಕದವಳು:
ಹಾಜರಿ ಪುಸ್ತಕದಲ್ಲಿ ಹನ್ನೊಂದು ಜನ, ಬರೆಯುತ್ತಿದ್ದವಳು ನಾನೇ 😀 ಗ್ರಾಚ್ಯುಟಿ ನಮ್ಮಂಥವರಿಗೂ ಉಂಟು ಅಂತ ಯಾರೂ ಹೇಳಿರಲಿಲ್ಲ.

ಮಲೆನಾಡ ವಕೀಲ:
ಹಾಗಾದರೆ ಎರಡನ್ನೂ ಒಂದೇ ಪತ್ರದಲ್ಲಿ ಕೇಳಿ. ಸ್ಪೀಡ್ ಪೋಸ್ಟ್ ಮಾಡಿ, ಸ್ವೀಕೃತಿ ಚೀಟಿ ಜೋಪಾನ. ಬ್ಯಾಂಕ್ ಸ್ಟೇಟ್‌ಮೆಂಟ್, ಯಜಮಾನರ ವಾಟ್ಸಾಪ್ ಮೆಸೇಜ್ ಎಲ್ಲ ತೆಗೆದಿಡಿ, ನೇಮಕದ ಪತ್ರ ಇಲ್ಲ ಅಂತ ಹೆದರಬೇಡಿ. ಜಗ್ಗದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಸಂಬಳದ ಕ್ಲೇಮಿಗೆ ಮೂರು ವರ್ಷ ಅವಕಾಶ ಇದೆ, ಸುಮ್ನೆ ಕೂರಬೇಡಿ ಅಷ್ಟೆ. ವಕೀಲರ ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ. ಫೋನಿಗೆ 15100.

ಮಂಡಿ ಲೆಕ್ಕದವಳು:
ಪತ್ರ ಯಜಮಾನರ ಹೆಸರಿಗೋ, ಮಂಡಿ ಹೆಸರಿಗೋ?

ಮಲೆನಾಡ ವಕೀಲ:
ಮಂಡಿ ಹೆಸರು, ಕೆಳಗೆ ಮಾಲೀಕರು ಅಂತ ಅವರ ಹೆಸರು. ಸೀರೆ ವಿಷಯ ಬರೆಯಬೇಡಿ.