ಒಂದೇ ವರ್ಷ ಎರಡು ಸಲ ಮಲೇರಿಯಾ. ರೇಷ್ಮೆ ಹುಳದ ಹಾಗೆ ಇದಕ್ಕೂ ಊರೂರಿಗೆ ತಳಿ ಇರುತ್ತಾ?

ಹಿಪ್ಪುನೇರಳೆ (ಶಿಡ್ಲಘಟ್ಟ)

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಹುಳ ಸಾಕುತ್ತೇವೆ. ಕಥೆ ಸ್ವಲ್ಪ ಉದ್ದ, ಬೇಜಾರು ಮಾಡ್ಕೋಬೇಡಿ.

ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟಿತು. ಸೊಪ್ಪಿಲ್ಲ ಅಂದರೆ ಹುಳ ಇಲ್ಲ. ಸುಮ್ನೆ ಕೂತು ಏನು ಮಾಡೋದು ಅಂತ ಜೂನ್‌ನಲ್ಲಿ ಮಂಗಳೂರಿಗೆ ಹೋದೆ. ಭಾಮೈದ ಅಲ್ಲಿ ಟೈಲ್ಸ್ ಕೆಲಸ ಮಾಡುತ್ತಾನೆ. ಕಟ್ಟುತ್ತಿರುವ ಬಿಲ್ಡಿಂಗ್‌ನಲ್ಲೇ ಮಲಗುತ್ತಿದ್ದೆವು. ತಲೆದೆಸೆಗೆ ಹತ್ತು ಹೆಜ್ಜೆ ದೂರದಲ್ಲಿ ಕ್ಯೂರಿಂಗ್ ನೀರಿನ ತೊಟ್ಟಿ. ಆಗಸ್ಟ್ ಮೊದಲ ವಾರ ಚಳಿಜ್ವರ ಹಿಡಿಯಿತು. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ರಕ್ತ ನೋಡಿ ವೈವಾಕ್ಸ್ ಅಂದರು, ಅದು ಮಲೇರಿಯಾದ ಒಂದು ಬಗೆಯಂತೆ. ಮೂರು ದಿನ ಕ್ಲೋರೋಕ್ವಿನ್, ಹದಿನಾಲ್ಕು ದಿನ ಪ್ರೈಮಾಕ್ವಿನ್ ಕೊಟ್ಟರು. ಮೂರೇ ದಿನಕ್ಕೆ ಜ್ವರ ಮಾಯ. ಪ್ರೈಮಾಕ್ವಿನ್ ನುಂಗಿದರೆ ಹೊಟ್ಟೆ ಉರಿ, ಹಾಗಾಗಿ ಐದು ದಿನ ನುಂಗಿ ಬಿಟ್ಟೆ. ಜ್ವರವೇ ಇಲ್ಲದ ಮೇಲೆ ಮಾತ್ರೆ ಯಾಕೆ, ಅಲ್ವಾ?

ಊರಿಗೆ ಬಂದಾಗ ಮಳೆ ಆಗಿತ್ತು, ಸೊಪ್ಪು ಚಿಗುರಿತ್ತು. ನೂರು ಮೊಟ್ಟೆಯ ಚಾಕಿ, ಅಂದರೆ ಮರಿ ಹುಳ, ತಂದೆ. ಅಕ್ಟೋಬರ್ ಮೊದಲ ವಾರ, ಹುಳ ನಾಲ್ಕನೇ ಜ್ವರ ಎದ್ದು ಬಾಯಿ ತುಂಬ ಸೊಪ್ಪು ಕೇಳುವ ಹೊತ್ತಿಗೆ ಸರಿಯಾಗಿ ನನಗೆ ಎರಡನೇ ಜ್ವರ! (ಹುಳ ಸಾಕದವರಿಗೆ: ಪೊರೆ ಬಿಡುವ ಮುಂಚೆ ಹುಳ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತೆ. ಅದನ್ನೇ ನಾವು ಜ್ವರ ಅನ್ನೋದು.) ಮತ್ತೆ ರಕ್ತ ನೋಡಿದರೆ ಮತ್ತೆ ವೈವಾಕ್ಸ್.

ಇಲ್ಲಿನ ಕ್ಲಿನಿಕ್ ಒಂದರಲ್ಲಿ "ಹೊಸ ಸೊಳ್ಳೆ ಕಚ್ಚಿದೆ ಬಿಡಿ" ಅಂದರು. ಊರಲ್ಲಿ ಇನ್ನೊಬ್ಬರಿಗೂ ಇಲ್ಲ, ನನಗೊಬ್ಬನಿಗೇ ಆ ಸೊಳ್ಳೆ ಸಿಕ್ಕಿತಾ?

ನನ್ನ ತಲೆ ಕೊರೆಯುತ್ತಿರೋದು ಇದು. ಮೈಸೂರು ತಳಿ ನಮ್ಮ ಸೆಕೆಗೆ ಒಗ್ಗಿದ್ದು, ವರ್ಷಪೂರ್ತಿ ಮೊಟ್ಟೆ ಒಡೆಯುತ್ತೆ. ಚಳಿ ದೇಶದಿಂದ ಬಂದ ಬೈವೋಲ್ಟೀನ್ ತಳಿ ಮೊಟ್ಟೆ ಇಟ್ಟರೆ ಆ ಮೊಟ್ಟೆ ಒಡೆಯದೆ ತಿಂಗಳುಗಟ್ಟಲೆ ಮಲಗುತ್ತೆ. ಮಲೇರಿಯಾಕ್ಕೂ ಹೀಗೆ ಆಯಾ ಊರಿನ ತಳಿ ಇದೆಯಾ? ಮಂಗಳೂರಿಂದು ನನ್ನ ಮೈಯಲ್ಲಿ ಬಂದು ಈಗ ಶಿಡ್ಲಘಟ್ಟದ್ದಾಯಿತಾ?

ಮನೆಮದ್ದು ಮಾಲಾ

ಅಮೃತಬಳ್ಳಿ ಕಷಾಯ ಖಾಲಿ ಹೊಟ್ಟೆಗೆ ಕುಡಿಯಿರಿ. ಇಂಗ್ಲಿಷ್ ಮಾತ್ರೆ ಉಷ್ಣ.

ಸ್ಲೈಡ್ ತಾತ (ಬಂಗಾರಪೇಟೆ)

ಕಷಾಯ ಕುಡಿಯೋದಾದರೆ ಕುಡಿಯಿರಿ, ಆದರೆ ಮಾತ್ರೆ ಬಿಟ್ಟು ಅಲ್ಲ.

ನಾನು ಮಲೇರಿಯಾ ಲ್ಯಾಬ್‌ನಲ್ಲಿದ್ದು ನಿವೃತ್ತಿಯಾದವನು. ಜೆಎಸ್‌ಬಿ ಬಣ್ಣ ಹಾಕಿದ ಸ್ಲೈಡ್ ನೋಡೀ ನೋಡೀ ಕನ್ನಡಕದ ನಂಬರ್ ಏರಿಸಿಕೊಂಡೆ. ವೈವಾಕ್ಸ್ ಹೊಕ್ಕ ಕೆಂಪು ಕಣ ಅಕ್ಕಪಕ್ಕದ ಕಣಗಳಿಗಿಂತ ಊದಿಕೊಂಡಿರುತ್ತೆ. ಒಳಗೆ ಅದು ಹರಿದ ಹತ್ತಿಯ ಥರ ಕೈಕಾಲು ಚಾಚಿ ಕೂತಿರುತ್ತೆ. ಮಲೇರಿಯಾದ ಇನ್ನೊಂದು ಬಗೆ ಫಾಲ್ಸಿಪಾರಂ ಆದರೆ ಸಣ್ಣ ಉಂಗುರ, ಬಲಿತ ಮೇಲೆ ಬಾಳೆಹಣ್ಣಿನ ಆಕಾರ. ಅಷ್ಟು ಹೇಳಬಲ್ಲೆ. ಮಂಗಳೂರಿನ ವೈವಾಕ್ಸಾ ಶಿಡ್ಲಘಟ್ಟದ್ದಾ ಅಂತ ಸ್ಲೈಡ್‌ನಲ್ಲಿ ಕಾಣಲ್ಲ.

ಆದರೂ ನಿಮ್ಮದು ಹಳೇ ಗಿರಾಕಿಯೇ ಅಂತ ನನ್ನ ಲೆಕ್ಕ. ಕ್ಲೋರೋಕ್ವಿನ್ ರಕ್ತದಲ್ಲಿ ಇರೋದನ್ನು ಕೊಲ್ಲುತ್ತೆ. ವೈವಾಕ್ಸ್‌ನ ಒಂದು ಪಾಲು ಲಿವರ್‌ನಲ್ಲಿ ನಿದ್ದೆ ಹೊಡೀತಾ ಇರುತ್ತೆ. ಅದನ್ನು ಮುಟ್ಟೋದು ಪ್ರೈಮಾಕ್ವಿನ್. ನೀವು ಐದೇ ದಿನಕ್ಕೆ ಬಿಟ್ಟಿರಿ, ಅದು ಎದ್ದಿತು. ಮತ್ತೆ ಶುರು ಮಾಡುವ ಮುಂಚೆ ಜಿ6ಪಿಡಿ ಟೆಸ್ಟ್ ಮಾಡಿಸಿ. ಅದು ಕೆಂಪು ಕಣವನ್ನು ಕಾಯುವ ಒಂದು ಕಿಣ್ವ. ಆ ಕೊರತೆ ಇರುವವರಿಗೆ ಈ ಮಾತ್ರೆಯಿಂದ ರಕ್ತಕಣ ಒಡೆಯುತ್ತೆ. ಊಟ ಆದ ಮೇಲೆ ನುಂಗಿ, ಹೊಟ್ಟೆ ಉರಿ ಕಮ್ಮಿ ಆಗುತ್ತೆ. ಮೂತ್ರ ಕಪ್ಪಗಾದರೆ ನಿಲ್ಲಿಸಿ, ತಕ್ಷಣ ಡಾಕ್ಟರ ಹತ್ತಿರ ಓಡಿ.

ಹುಳದ ಮನೆ ಅಂದಾಗ ನೆನಪಾಯಿತು. ಆಗ ಡಿಡಿಟಿ ಹೊಡೆಯುವವರನ್ನು ರೇಷ್ಮೆಯವರು ಬಾಗಿಲಲ್ಲೇ ತಡೆದು ಕಳಿಸುತ್ತಿದ್ದರು. ಹೊಡೆದರೆ ಸೊಳ್ಳೆಗಿಂತ ಮೊದಲು ಹುಳ ಸಾಯುತ್ತೆ, ಅವರ ತಪ್ಪೇನಿದೆ? ಹಾಗಾಗಿ ನಮ್ಮ ಕಾಮಸಮುದ್ರದ ಕಡೆ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟರು. ಬಾವಿ ನೀರಲ್ಲಿ ಮೊಟ್ಟೆ ಇಡುವ, ಮಲೇರಿಯಾ ಹರಡುವ ಕ್ಯೂಲಿಸಿಫೇಸಿಸ್ ಸೊಳ್ಳೆಗೆ ಅದು ಚೆನ್ನಾಗಿ ಕೆಲಸ ಮಾಡಿತು. ಈಗ ಆ ಬಾವಿಗಳಲ್ಲಿ ನೀರೂ ಇಲ್ಲ, ಮೀನೂ ಇಲ್ಲ, ಪ್ಲಾಸ್ಟಿಕ್ ಕವರ್ ಇದೆ.

ಪಾಠದ ಮೇಷ್ಟ್ರು (ತುಮಕೂರು)

ತಾತ ಹೇಳಿದ್ದು ಸರಿ. ನಾನು ಕಾಲೇಜಲ್ಲಿ ಜೀವಶಾಸ್ತ್ರ ಹೇಳುತ್ತೇನೆ. ಹಿಪ್ಪುನೇರಳೆಯವರ ಹೋಲಿಕೆ ಓದಿ ನನಗೆ ಹೊಟ್ಟೆಕಿಚ್ಚಾಯಿತು, ಇಷ್ಟು ವರ್ಷ ಇದು ನನಗೆ ಹೊಳೆದಿರಲಿಲ್ಲ.

ವೈವಾಕ್ಸ್‌ನಲ್ಲಿ ಅಂಥ ತಳಿಗಳು ನಿಜವಾಗಿಯೂ ಇವೆ. ಪಪುವಾ ನ್ಯೂಗಿನಿ ಕಡೆಯದು ಚಿಕಿತ್ಸೆ ಆದ ಕೆಲವೇ ವಾರದಲ್ಲಿ ಮತ್ತೆ ಏಳುತ್ತೆ. ಅಲ್ಲಿ ವರ್ಷಪೂರ್ತಿ ಸೊಳ್ಳೆ, ಮಲಗಿ ಏನು ಲಾಭ? ಕೊರಿಯಾದ್ದು ಹಾಗಲ್ಲ. ಅಲ್ಲಿ ಚಳಿಗಾಲದಲ್ಲಿ ಸೊಳ್ಳೆಯೇ ಕಚ್ಚಲ್ಲ. ಆ ತಳಿ ಎಂಟು ಒಂಬತ್ತು ತಿಂಗಳು ಲಿವರ್‌ನಲ್ಲಿ ಮಲಗಿ, ಬೇಸಿಗೆಗೆ ಸರಿಯಾಗಿ ಏಳುತ್ತೆ. 1950ರ ದಶಕದ ಕೊರಿಯಾ ಯುದ್ಧದಿಂದ ಆರೋಗ್ಯವಾಗಿ ವಾಪಸ್ ಹೋದ ಅಮೆರಿಕದ ಸೈನಿಕರಿಗೆ ಮನೆಯಲ್ಲಿ ಕೂತಾಗ ಜ್ವರ ಬಂದಿದ್ದು ಹೀಗೆ. ನಿದ್ದೆಯ ಅವಧಿ ಆಯಾ ತಳಿಗೆ ಹುಟ್ಟಿನಿಂದ ಬಂದಿದ್ದು. ಒಂದೇ ಜಾಗದಲ್ಲಿದ್ದ ಬೇರೆ ಬೇರೆ ಜನರಿಗೆ ಬೇರೆ ಬೇರೆ ತಳಿ ಹೊಗಿಸಿ ನೋಡಿದಾಗಲೂ ಅದು ತನ್ನ ಊರಿನ ಗಡಿಯಾರವನ್ನೇ ಹಿಡಿದಿತ್ತು. ನಮ್ಮ ದೇಶದಲ್ಲಿ ಎರಡೂ ನಮೂನೆ ಇವೆ. ನಿಮ್ಮದು ಎರಡು ತಿಂಗಳಿಗೇ ಎದ್ದಿದೆ, ಬೇಗ ಏಳುವ ಬಗೆ ಇರಬೇಕು.

ಸೊಳ್ಳೆಗೂ ಒಗ್ಗಬೇಕು. ಫಾಲ್ಸಿಪಾರಂ ಮೈಮೇಲೆ ಪಿಎಫ್‌ಎಸ್47 ಅನ್ನೋ ಪ್ರೋಟೀನ್ ಇದೆ. ಆಫ್ರಿಕಾದ್ದಕ್ಕೂ ದಕ್ಷಿಣ ಅಮೆರಿಕದ್ದಕ್ಕೂ ಅದರ ರೂಪ ಬೇರೆ. ಆಯಾ ಕಡೆಯ ಸೊಳ್ಳೆಯ ಕಾವಲನ್ನು ದಾಟೋಕೆ ಅದು ಬೀಗಕ್ಕೆ ಕೀಲಿಯ ಹಾಗೆ ಕೂರಬೇಕು. ಕೂರದಿದ್ದರೆ ಸೊಳ್ಳೆಯೇ ಅದನ್ನು ಒಳಗೇ ಮುಗಿಸುತ್ತೆ.

ಇನ್ನು ನಿಮ್ಮ ಕೊನೇ ಪ್ರಶ್ನೆ. ಇಲ್ಲ, ಎರಡು ತಿಂಗಳಲ್ಲಿ ಅದು ಶಿಡ್ಲಘಟ್ಟದ್ದಾಗಲ್ಲ. ಯಾವ ಹುಳವೂ ತಾನೇ ಬದಲಾಗಿ ಸೆಕೆಗೆ ಒಗ್ಗಲ್ಲ, ಒಗ್ಗಿದ್ದು ಉಳಿಯುತ್ತೆ, ಒಗ್ಗದ್ದು ಸಾಯುತ್ತೆ. ಇಲ್ಲೂ ಅಷ್ಟೇ. ಹುಳದಲ್ಲಿ ಆರಿಸೋರು ನೀವು, ಇಲ್ಲಿ ಆರಿಸೋದು ಸೊಳ್ಳೆ, ಚಳಿ, ನಮ್ಮ ಮಾತ್ರೆ. ಮಾತ್ರೆಯ ಕಥೆ ನೋಡಿ. ಫಾಲ್ಸಿಪಾರಂ ಮೇಲೆ ಕ್ಲೋರೋಕ್ವಿನ್ ಸೋಲೋದು ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 1973ರಲ್ಲಿ, ಅಸ್ಸಾಂನಲ್ಲಿ. ಆಫ್ರಿಕಾದ ಮಲಾವಿಯಲ್ಲಿ 1993ರಲ್ಲಿ ಆ ಮಾತ್ರೆ ನಿಲ್ಲಿಸಿದರು. ಹತ್ತು ವರ್ಷ ಆಗುವುದರೊಳಗೆ ಮಾತ್ರೆಗೆ ಸಾಯುವ ತಳಿಯೇ ಅಲ್ಲಿ ಮತ್ತೆ ಮೆರೆಯಿತು. ಮಾತ್ರೆ ಇಲ್ಲದ ಊರಲ್ಲಿ ಅದನ್ನು ಎದುರಿಸುವ ಜೀನ್ ಬರೀ ಹೊರೆ.

ಹಾಗಂತ ಎಲ್ಲವೂ ಜೀನ್ ಬದಲಾವಣೆ ಅಲ್ಲ. ಮಾಲಿ ದೇಶದಲ್ಲಿ ತಿಂಗಳುಗಟ್ಟಲೆ ಮಳೆ ಇಲ್ಲ, ಸೊಳ್ಳೆ ಇಲ್ಲ. ಆಗ ಫಾಲ್ಸಿಪಾರಂ ಕೆಲವರ ರಕ್ತದಲ್ಲಿ ಜ್ವರ ತರಿಸದೆ, ತೀರಾ ಕಮ್ಮಿ ಸಂಖ್ಯೆಯಲ್ಲಿ ಕಾದಿರುತ್ತೆ. ಇರುವ ಜೀನ್‌ಗಳನ್ನೇ ಬೇರೆ ಥರ ಬಳಸುತ್ತೆ, ಅಷ್ಟೇ. ಈ ಎರಡನ್ನೂ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಕಲಸಿಬಿಡುತ್ತಾರೆ.

ಹಿಪ್ಪುನೇರಳೆ

ಮೇಷ್ಟ್ರೇ, ಒಂದು ಅನುಮಾನ. ನಾವು ಈಗ ಸಾಕೋದು ಮಿಶ್ರತಳಿ. ತಾಯಿ ಮೈಸೂರು, ತಂದೆ ಸಿಎಸ್‌ಆರ್2 ಅನ್ನೋ ಬೈವೋಲ್ಟೀನ್. ಮಲೇರಿಯಾದಲ್ಲೂ ಮಿಶ್ರ ಆಗುತ್ತಾ?

ಪಾಠದ ಮೇಷ್ಟ್ರು

ಆಗುತ್ತೆ. ನಮ್ಮ ಮೈಯಲ್ಲಿ ಅಲ್ಲ, ಸೊಳ್ಳೆ ಹೊಟ್ಟೆಯಲ್ಲಿ. ಅದರ ಗಂಡು ಹೆಣ್ಣು ಕೂಡೋದು ಅಲ್ಲೇ. ಒಂದೇ ಸೊಳ್ಳೆ ಎರಡು ತಳಿ ಹೀರಿದ್ದರೆ ಅಡ್ಡತಳಿ ಹುಟ್ಟುತ್ತೆ.

ಹಿಪ್ಪುನೇರಳೆ

ಅಂದರೆ ಸೊಳ್ಳೆ ಹೊಟ್ಟೆಯೇ ಅದರ ಬಿತ್ತನೆ ಕೋಠಿ ಅನ್ನಿ! (ನಮ್ಮಲ್ಲಿ ತಳಿ ಕೂಡಿಸಿ ಮೊಟ್ಟೆ ಮಾಡುವ ಜಾಗ ಅದು.)

ತಾತ ಹೇಳಿದ ಟೆಸ್ಟ್ ಮಾಡಿಸಿದೆ, ಕೊರತೆ ಇಲ್ಲ ಅಂತ ಬಂತು. ಡಾಕ್ಟರು ಮತ್ತೆ ಹದಿನಾಲ್ಕು ದಿನ ಬರೆದುಕೊಟ್ಟರು. ಇವತ್ತು ಒಂಬತ್ತು. ಹುಳ ಹಣ್ಣಾಗಿ ಚಂದ್ರಿಕೆಗೆ (ಗೂಡು ಕಟ್ಟಲು ಇಡುವ ಬಿದಿರಿನ ತಟ್ಟಿ) ಹತ್ತಿ ಗೂಡು ಕಟ್ಟಿದೆ. ನಾನು ಮಲಗಿದ್ದ ನಾಲ್ಕು ದಿನ ಸೊಪ್ಪು ಹಾಕಿದ್ದು ಹೆಂಡತಿ ಒಬ್ಬಳೇ, ಹಾಗಾಗಿ ಗೂಡು ಸ್ವಲ್ಪ ತೆಳು. ಮಾತ್ರೆ ಪಟ್ಟಿಯನ್ನು ಅವಳೇ ಚಂದ್ರಿಕೆಯ ಅಂಚಿಗೆ ಸಿಕ್ಕಿಸಿದ್ದಾಳೆ. ನಾಳೆ ಗೂಡು ಬಿಡಿಸುವಾಗ ಅದನ್ನು ಬೇರೆ ಕಡೆ ಇಡಬೇಕು.